ಓರಗಿತ್ತಿಯ ಬಕೆಟ್ಟಿಗೆ ಇಳಿದ ಹಾಲು

ಜೂನ್ ತಿಂಗಳು. ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು ತುದಿ ಕಂದಿತ್ತು. ಗಂಡಸರು ಉದ್ದ ಹಿಡಿಯ ಕುಡುಗೋಲು ಬೀಸುತ್ತ ಸಾಲಾಗಿ ಮುಂದೆ ಹೋಗುತ್ತಿದ್ದರು. ನಾವು ಹೆಂಗಸರು ಹಿಂದಿನಿಂದ ಮರದ ಹಲುಬೆಗಳಲ್ಲಿ ನಿನ್ನೆ ಕೊಯ್ದ ಹುಲ್ಲನ್ನು ತಿರುವಿ ಹಾಕುತ್ತಿದ್ದೆವು. ಮಳೆ ಬರುವುದರೊಳಗೆ ಎಲ್ಲವನ್ನೂ ಸಹಕಾರಿ ಸಂಘದ ಕೊಟ್ಟಿಗೆಗೆ ಸೇರಿಸಬೇಕು ಎಂದು ಕೆಲಸದ ದಳದ ಮುಖಂಡ ರಾಕಿಪ್ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿ ಹೋಗಿದ್ದ. ಹೊಟ್ಟೆಗೆ ಜೋಳದ ರೊಟ್ಟಿ, ಒಂದು ಈರುಳ್ಳಿ. ನೀರು ಊಟೆಯದು.

ಆ ಇಳಿಜಾರಿನಲ್ಲಿ ನಿಂತರೆ ಕೆಳಗೆ ಕೊಟ್ಟಿಗೆಯ ಉದ್ದನೆಯ ಹೆಂಚಿನ ಮಾಡು ಕಾಣುತ್ತದೆ. ನಡು ಹಗಲಿನ ಹಾಲು ಕರೆಯುವ ಹೊತ್ತಿಗೆ ಅದರ ಬಾಗಿಲು ತೆರೆಯುವುದೂ ಕಾಣುತ್ತದೆ. ಆ ಬಾಗಿಲ ಕಡೆ ನೋಡಬಾರದು ಎಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ನೋಡುತ್ತಿದ್ದೆ.

“ನಾಜಿಕೆ, ನಿನ್ನ ಸವತಿ ಬಾಗ್ಲು ತೆಗೆದ್ಲು ನೋಡೆ,” ಎಂದಳು ಪಕ್ಕದಲ್ಲಿದ್ದ ಲೆಫ್ತೆರಿ.

“ಬಿಳೀ ಕೋಟು ಹಾಕ್ಕಂಡವ್ಳೆ ಇವತ್ತು. ಡಾಕ್ಟರಮ್ಮ!” ಎಂದಳು ಇನ್ನೊಬ್ಬಳು.

“ನಿಮ್ ಹುಲ್ಲು ನೀವು ತಿರುವ್ರೇ,” ಎಂದೆ ನಾನು. ಅವರು ನಕ್ಕರು. ಸವತಿ ಎಂದದ್ದು ಗಂಡನ ವಿಷಯಕ್ಕಲ್ಲ, ಹಸುವಿನ ವಿಷಯಕ್ಕೆ. ಅದು ಇಡೀ ಊರಿಗೆ ಗೊತ್ತಿತ್ತು.

ಹಿಂದಿನ ಚಳಿಗಾಲದಲ್ಲಿ ಆಳುವ ಪಕ್ಷದಿಂದ ಆಜ್ಞೆ ಬಂದಿತ್ತು. ಅಲ್ಲಿಯವರೆಗೆ ಮನೆಗೊಂದು ಹಸು ಇಟ್ಟುಕೊಳ್ಳಲು ಬಿಟ್ಟಿದ್ದರು. ಇನ್ನು ಅದೂ ಬೇಡ, ಮನೆಯ ಹಸು ಮನುಷ್ಯನ ಮನಸ್ಸನ್ನು ಹಿಂದಕ್ಕೆ ಎಳೆಯುತ್ತದೆ, ಎಲ್ಲ ಒಂದೇ ಹಿಂಡಾಗಬೇಕು ಎಂದರು. ಜನವರಿಯ ಒಂದು ಬೆಳಿಗ್ಗೆ ಕೆಸರಿನಲ್ಲಿ ಊರಿನ ಹಸುಗಳೆಲ್ಲ ಸಾಲಾಗಿ ನಡೆದುಹೋದವು. ನನ್ನದು ಹಣೆಯ ಮೇಲೆ ಬಿಳಿಯ ಮಚ್ಚೆ ಇದ್ದ ಕೆಂದ ಹಸು, ಬಲಾಶೆ. ಕರುವಾಗಿದ್ದಾಗಿನಿಂದ ಸಾಕಿದ್ದೆ. ಗಬ್ಬವಾಗಿದ್ದ ಅದು ತನ್ನಷ್ಟಕ್ಕೆ ಹೋಗಲಿಲ್ಲ. ಎಳೆದರೆ ಕಾಲೂರಿ ನಿಂತಿತು. ಕೊನೆಗೆ ನಾನೇ ಮುಂದೆ ನಡೆದೆ, ಅದು ಹಿಂದೆ ಬಂತು. ನನ್ನ ಹಸುವನ್ನು ನಾನೇ ಕರೆದುಕೊಂಡು ಹೋಗಿ ಅವರ ಗೂಟಕ್ಕೆ ಕಟ್ಟಿ ಬಂದೆ.

ಕೊಟ್ಟಿಗೆಗೆ ಹಾಲು ಕರೆಯುವ ಹೆಂಗಸರು ಬೇಕಾಗಿತ್ತು. ಊರಿನಲ್ಲಿ ನನ್ನಷ್ಟು ಚೆನ್ನಾಗಿ ಕರೆಯುವವರು ಇರಲಿಲ್ಲ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆದರೆ ನನ್ನ ಕಡತದಲ್ಲಿ ಕಲೆ ಇತ್ತು. ನಾನು ಹುಟ್ಟುವ ಮೊದಲು ನನ್ನ ಅಪ್ಪ ಸರ್ಕಾರಕ್ಕೆ ಕೊಡಬೇಕಾದ ಜೋಳದಲ್ಲಿ ಎರಡು ಚೀಲ ಒಲೆಯ ಹಿಂದೆ ಬಚ್ಚಿಟ್ಟು ಐದು ವರ್ಷ ಜೈಲಿನಲ್ಲಿದ್ದ. ಅಂಥವನ ಮಗಳ ಕೈಗೆ ಸಮುದಾಯದ ಹಾಲು ಕೊಡುವುದುಂಟೇ? ಕೊಟ್ಟಿಗೆಯ ಕೆಲಸ ನನ್ನ ಓರಗಿತ್ತಿ ಧುರಾತಳಿಗೆ ಹೋಯಿತು. ಅವಳು ನನ್ನ ಗಂಡ ಸೆಲ್ಫೊನ ಅಣ್ಣನ ಹೆಂಡತಿ. ಭಾವ ಗಣಿಯಲ್ಲಿ ಸತ್ತು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ಸೋದರಮಾವ ಯುದ್ಧದಲ್ಲಿ ಕಾಡಿನಲ್ಲಿ ಹೋರಾಡಿ ಸತ್ತವನು, ಶಾಲೆಯ ಗೋಡೆಯ ಮೇಲೆ ಅವನ ಹೆಸರಿತ್ತು. ಹಾಗಾಗಿ ಅವಳಿಗೆ ಚಳಿಗಾಲದಲ್ಲಿ ಬೆಚ್ಚಗಿನ ಕೊಟ್ಟಿಗೆ, ನನಗೆ ಬಯಲು.

ನಮ್ಮಿಬ್ಬರ ಮನೆಗಳ ನಡುವೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ. ಬಲಾಶೆ ಕರು ಹಾಕಿದ ಮಾರನೆಯ ವಾರ ಧುರಾತ ಆ ಗೋಡೆಯ ಮೇಲೆ ಮೊಣಕೈ ಊರಿ ನಿಂತಳು.

“ನಾಜಿಕೆ, ನಿನ್ನ ಹಸು ನಂಗೆ ಹಾಲು ಇಳಿಸ್ತಿಲ್ಲ ಕಣೆ. ಕೆಚ್ಚಲು ಕಲ್ಲಾಗಿದೆ, ನಾನು ಕೂತ ತಕ್ಷಣ ಬಚ್ಚಿಟ್ಕೊಂಡುಬಿಡುತ್ತೆ. ಏನು ಮಾಡ್ತಿದ್ದೆ ನೀನು, ಹಾಡ್ತಿದ್ದೆಯಾ? ಉಪ್ಪು ನೆಕ್ಕಿಸ್ತಿದ್ದೆಯಾ?”

ನನ್ನ ಎದೆಯೊಳಗೆ ಏನೋ ಸಿಹಿಯಾದದ್ದು ಇಳಿಯಿತು. ಮುಖ ಮಾತ್ರ ಗಂಟಿಕ್ಕಿಕೊಂಡೆ.

“ಏನೂ ಇಲ್ಲಕ್ಕ. ಕೂತ್ಕೊಂಡು ಕರೀತಿದ್ದೆ. ಅದೂ ಅಲ್ದೆ ನನ್ನ ಹಸು ಅನ್ಬೇಡ, ಯಾರಾದ್ರೂ ಕೇಳಿಸ್ಕೊಂಡಾರು.”

“ಏನೋ ಇದೆ, ನೀನು ಹೇಳ್ತಿಲ್ಲ.”

ಇತ್ತು. ನಾನು ಹಣೆಯನ್ನು ಅದರ ಪಕ್ಕೆಗೆ ಒತ್ತಿ ಕೂರುತ್ತಿದ್ದೆ. ಎಡಗೈಯಿಂದ ಹಿಂದಿನ ತೊಡೆಯ ಸಂದನ್ನು ಸ್ವಲ್ಪ ಹೊತ್ತು ಉಜ್ಜಿ, ಅದು ಮೇಲಕ್ಕೊಂದು ಉಸಿರೆಳೆದು ಬಿಡುವವರೆಗೂ ಕಾಯುತ್ತಿದ್ದೆ. ಆಮೇಲೆ ಕೈ ಹಾಕುತ್ತಿದ್ದೆ. ಹೇಳಿದ್ದರೆ ಎರಡು ಮಾತು. ಹೇಳಲಿಲ್ಲ.

ಧುರಾತ ಕೋಪಿಸಿಕೊಳ್ಳಲಿಲ್ಲ. ಅವಳ ಆ ಗುಣವೇ ನನಗೆ ಆಗದು. ನನ್ನ ಮಗಳು ದ್ರಿತಾಗೆ ಆಗ ಐದು ವರ್ಷ, ಎದೆಯಲ್ಲಿ ಸದಾ ಕಫ. ಊರಿನಲ್ಲಿ ಹಾಲು ಅಂಗಡಿಗೆ ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಒಂದು ಸಂಜೆ ದ್ರಿತಾ ದೊಡ್ಡಮ್ಮನ ಮನೆಯಿಂದ ಓಡಿಬಂದಾಗ ಅವಳ ಮೇಲ್ದುಟಿಯ ಮೇಲೆ ಬಿಳಿಯ ಗೆರೆ ಇತ್ತು. ಬಗ್ಗಿ ಮೂಸಿದೆ. ಬಲಾಶೆಯ ಹಾಲು. ಆ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ.

ಧುರಾತ ಅದನ್ನು ಬಿಸಿನೀರಿನ ರಬ್ಬರು ಚೀಲದಲ್ಲಿ ತುಂಬಿ, ಕೋಟಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ತರುತ್ತಿದ್ದಳು. ಸಿಕ್ಕಿಬಿದ್ದರೆ ಜೈಲು. ನನ್ನ ಮಗಳಿಗಾಗಿ ಅಷ್ಟು ಮಾಡುತ್ತಿದ್ದಾಳೆ ಎಂದು ನನ್ನ ಕಣ್ಣು ತುಂಬಬೇಕಾಗಿತ್ತು. ತುಂಬಲಿಲ್ಲ. ನನ್ನ ಹಸುವಿನ ಹಾಲನ್ನು ನನ್ನ ಮಗಳಿಗೆ ಕುಡಿಸಿ ಇವಳು ದೊಡ್ಡಸ್ತಿಕೆ ಗಿಟ್ಟಿಸುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು.

“ದೊಡ್ಡಮ್ಮನ ಹಾಲು ಸಿಹಿ,” ಎಂದಳು ದ್ರಿತಾ.

“ಬಾಯಿ ಒರೆಸ್ಕೊ,” ಎಂದೆ. “ಯಾರಿಗೂ ಹೇಳ್ಬೇಡ.”

ಮಾರನೆಯ ದಿನ ಗೋಡೆಯ ಹತ್ತಿರ ಧುರಾತ ತಾನಾಗಿಯೇ ಹೇಳಿದಳು, “ಉರ್ಕೋಬೇಡ್ವೆ. ನಿಂಗೆ ಮಗಳಿದಾಳೆ. ನಂಗೆ ಒಂದು ಹಸುನಾದ್ರೂ ಇರ್ಲಿ ಬಿಡು.”

ನಾನು ಒಗೆದ ಬಟ್ಟೆ ಒಣಹಾಕುತ್ತಿದ್ದೆ. ಇನ್ನೊಂದು ಬಟ್ಟೆ ಎತ್ತಿ ಹಿಂಡಿದೆ.

ಮೇ ತಿಂಗಳಲ್ಲಿ ಕಚೇರಿಯ ಮುಂದಿನ ಗೌರವ ಫಲಕದ ಮೇಲೆ ಧುರಾತಳ ಫೋಟೋ ಬಂತು. ಬಲಾಶೆಯ ಕೊರಳಿಗೆ ಕೈ ಹಾಕಿ ನಿಂತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ: ದಿನಕ್ಕೆ ಹನ್ನೆರಡು ಲೀಟರು. ಅದರ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ಕೈಗೆ ಅದು ಒಳ್ಳೆ ಹುಲ್ಲಿನ ಕಾಲದಲ್ಲೂ ಹನ್ನೊಂದು ದಾಟಿರಲಿಲ್ಲ. ನಾಲ್ಕು ತಿಂಗಳಲ್ಲಿ ನನ್ನನ್ನು ಮರೆತು ಇವಳಿಗೆ ಹನ್ನೆರಡು ಕೊಟ್ಟಿತೇ? ಫೋಟೋದಲ್ಲಿ ಅದರ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಹತ್ತಿರ ಹೋಗಿ ನೋಡಿದೆ. ಕೋಲು ಹಿಡಿದ ಯಾರೋ ಎದುರಿಗೆ ನಿಂತಿರಬೇಕು, ಬೆದರಿತ್ತು. ಆದರೂ ಮನಸ್ಸು ಸಮಾಧಾನವಾಗಲಿಲ್ಲ.

ಮನೆಯಲ್ಲಿ ಸೆಲ್ಫೊ, “ಒಂದು ದನಕ್ಕೋಸ್ಕರ ಮೂರು ದಿನದಿಂದ ಊಟ ಬಿಟ್ಟಿದೀಯಲ್ಲ, ನಾನು ಸತ್ರೆ ಒಂದು ಹೊತ್ತಾದ್ರೂ ಬಿಡ್ತೀಯಾ?” ಎಂದ.

“ನೀವೇನು ಬೇರೆಯವಳ ಕೊಟ್ಟಿಗೇಲಿ ನಿಂತಿದೀರಾ,” ಎಂದೆ. ಅವನು ನಗುತ್ತ ಸಿಗರೇಟು ಹಚ್ಚಿದ.

ಹುಲ್ಲು ಕೊಯ್ಯುವ ಆ ಜೂನ್ ವಾರದಲ್ಲೇ ಸುದ್ದಿ ಬಂತು. ಜಿಲ್ಲೆಯಿಂದ ಪಶು ಅಧಿಕಾರಿ ಬರುತ್ತಾನಂತೆ, ಫಲಕದ ಮೇಲಿನ ಹಸುಗಳನ್ನು ತನ್ನ ಕಣ್ಣೆದುರಿಗೆ ಕರೆಸಿ ಅಳೆಯುತ್ತಾನಂತೆ. ಆ ಸಂಜೆ ಧುರಾತ ಗೋಡೆಯ ಹತ್ತಿರ ನಿಲ್ಲಲಿಲ್ಲ, ಬಾಗಿಲಿಗೇ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

“ಆರು ಲೀಟರು ಕಣೆ ಅದು ಕೊಡೋದು. ದಿನಕ್ಕೆಲ್ಲ ಆರು. ಹನ್ನೆರಡು ಅಂತ ಬರೆದದ್ದು ರಾಕಿಪ್. ಮೇಲಿನವರು ಹನ್ನೆರಡು ಕೇಳಿದ್ರು, ಇವನು ಹನ್ನೆರಡು ಬರೆದ.”

“ಆರೇ?” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ನಾಡಿದ್ದು ಆರು ಬಂದ್ರೆ ಉಳಿದ ಆರು ಎಲ್ಲಿ ಹೋಯ್ತು ಅಂತಾರೆ. ಕದ್ದೆ ಅಂತಾರೆ, ಇಲ್ಲ ಬೇಕಂತ್ಲೇ ಹಾಳು ಮಾಡ್ದೆ ಅಂತಾರೆ. ರಾಕಿಪ್ ಬಾಯಿ ಬಿಡ್ತಾನಾ? ನೀನು ಬಾರೆ ನಾಜಿಕೆ. ಸುಮ್ನೆ ಅದರ ಮುಂದೆ ನಿಂತ್ಕೊ ಸಾಕು.”

ನಾನು ಗಲ್ಲವನ್ನು ಮೇಲಕ್ಕೆತ್ತಿ ನಾಲಗೆಯನ್ನು ಲೊಟಕ್ಕೆನಿಸಿದೆ. ನಮ್ಮ ಕಡೆ ಆಗುವುದಿಲ್ಲ ಎನ್ನಲು ಅಷ್ಟು ಸಾಕು, ಮಾತು ಬೇಕಿಲ್ಲ. ಅವಳು ನನ್ನನ್ನೇ ನೋಡಿದಳು. ಒಳಗೆ ದ್ರಿತಾ ಕೆಮ್ಮುತ್ತಿದ್ದಳು. ಆ ಕೆಮ್ಮಿನ ಮಾತನ್ನೂ ಅವಳು ಎತ್ತಲಿಲ್ಲ, ತಿರುಗಿ ಹೋದಳು.

ಆರು ಲೀಟರು! ಆ ರಾತ್ರಿ ನಾನು ಸುಖವಾಗಿ ಮಲಗಿದೆ.

ಪಶು ಅಧಿಕಾರಿ ಬಂದ ದಿನ ನಾನು ಹೊರೆ ಹುಲ್ಲು ಹೊತ್ತು ಇಳಿಜಾರಿನಿಂದ ಇಳಿದೆ. ನನ್ನ ಸರದಿಯಲ್ಲ. ಲೆಫ್ತೆರಿಯ ಸರದಿಯನ್ನು ನಾನು ಕೇಳಿ ತೆಗೆದುಕೊಂಡೆ. ಅವಳಿಗೇನು, ನೆರಳಲ್ಲಿ ಕೂತಳು. ಧುರಾತಳ ಕೈಯಲ್ಲಿ ಅದು ಹಾಲು ಬಿಡದೆ ನಿಲ್ಲುವುದನ್ನು ನನ್ನ ಕಣ್ಣಾರೆ ನೋಡಬೇಕಾಗಿತ್ತು. ಆಮೇಲೆ ಅವಳಿಗೆ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ ಎಂದರೆ ಸುಳ್ಳು. ಯೋಚಿಸಿದೆ, ಆದರೂ ಇಳಿದೆ.

ಕೊಟ್ಟಿಗೆಯಲ್ಲಿ ಹತ್ತು ಹದಿನೈದು ಜನ. ಅಧಿಕಾರಿ ತೆಳ್ಳಗಿನವನು, ಕೈಯಲ್ಲಿ ಅಳತೆ ಗೆರೆಯ ಬಕೆಟ್ಟು. ಬೆಳಗಿನ ಹಾಲನ್ನು ಕರೆಯಲು ಬಿಟ್ಟಿರಲಿಲ್ಲ, ಒಂದೇ ಸಲಕ್ಕೆ ಪೂರ್ತಿ ನೋಡಲು. ರಾಕಿಪ್ ಟೋಪಿಯನ್ನು ತೆಗೆಯುತ್ತ ಹಾಕುತ್ತ ನಿಂತಿದ್ದ. ಧುರಾತ ಮೂರುಕಾಲಿನ ಮಣೆಯ ಮೇಲೆ ಕೂತು ಕೆಚ್ಚಲು ತೊಳೆದಳು. ಬಲಾಶೆ ಬಾಲ ಬೀಸಿ ಪಕ್ಕಕ್ಕೆ ಸರಿಯಿತು. ಅವಳು ಎಳೆದಳು. ಏನೂ ಇಲ್ಲ. ಇನ್ನೊಮ್ಮೆ ಎಳೆದಳು. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ, ಬೆನ್ನಿನ ಹೊರೆಯನ್ನೂ ಇಳಿಸದೆ ನೋಡುತ್ತಿದ್ದೆ.

ಆಗ ಗಾಳಿ ನನ್ನ ಹಿಂದಿನಿಂದ ಒಳಕ್ಕೆ ಬೀಸಿತು.

ಬಲಾಶೆ ತಲೆ ಎತ್ತಿತು. ಹಗ್ಗ ಬಿಗಿಯುವಷ್ಟು ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿತು. ಮೂಗು ಅರಳಿತು. ಆಮೇಲೆ ಹೊಟ್ಟೆಯ ಆಳದಿಂದ ಕೂಗಿತು, ಕರುವನ್ನು ಕರೆಯುವ ಹಾಗೆ. ಮೇಲಕ್ಕೊಂದು ಉಸಿರೆಳೆದು ಬಿಟ್ಟಿತು.

ಬೇಡ, ಎಂದೆ ನಾನು ಒಳಗೊಳಗೇ. ಬೇಡ ಬಲಾಶೆ, ಕೊಡಬೇಡ, ನಾನು ಅದಕ್ಕಲ್ಲ ಬಂದದ್ದು.

ಯಾರೂ ಮುಟ್ಟದೆಯೇ ಹಿಂದಿನ ಎರಡು ಮೊಲೆಗಳಿಂದ ಹಾಲು ತೊಟ್ಟಿಕ್ಕಿತು. ಧುರಾತ ಹಿಡಿದಳು. ಖಾಲಿ ಬಕೆಟ್ಟಿಗೆ ಮೊದಲ ಧಾರೆ ಬಿದ್ದ ಸದ್ದು ಟಣ್ಣೆಂದಿತು, ಆಮೇಲೆ ಸದ್ದು ದಪ್ಪವಾಯಿತು, ಆಮೇಲೆ ನೊರೆ ಬಂತು. ಬಲಾಶೆ ನನ್ನನ್ನೇ ನೋಡುತ್ತ, ತನ್ನಲ್ಲಿದ್ದದ್ದನ್ನೆಲ್ಲ ನನಗೆ ಕೊಡುತ್ತ, ಅವಳ ಬಕೆಟ್ಟು ತುಂಬಿಸಿತು. ನಾನು ಹೊರಗೆ ಹೋಗಬಹುದಾಗಿತ್ತು. ಹೋಗಲಿಲ್ಲ.

“ಹನ್ನೊಂದೂವರೆ,” ಎಂದ ಅಧಿಕಾರಿ. “ಪರವಾಗಿಲ್ಲ. ಆದರೆ ಇದು ಕೂಗಿದ್ದು ಯಾರನ್ನ ನೋಡಿ?”

ಎಲ್ಲರೂ ಬಾಗಿಲ ಕಡೆ ತಿರುಗಿದರು.

ರಾಕಿಪ್‌ಗೆ ತನ್ನ ಹನ್ನೆರಡು ಉಳಿಯಿತು. ಆದರೆ ಅಧಿಕಾರಿಯ ಪ್ರಶ್ನೆಗೂ ಅವನು ಉತ್ತರ ಕೊಡಬೇಕಾಗಿತ್ತು. ಮೂರನೆಯ ದಿನ ಕಚೇರಿಯ ಗೋಡೆಯ ಮೇಲೆ ನನ್ನ ಹೆಸರಿನಲ್ಲಿ ಸಿಡಿಲು ಹಾಳೆ, ಅಂದರೆ ಬಹಿರಂಗ ಆಪಾದನೆಯ ಪತ್ರ, ಅಂಟಿತು. ದೊಡ್ಡ ಕಾಗದದ ಮೇಲೆ ಕೆಂಪು ಅಕ್ಷರ: ಸಮುದಾಯದ ಹಸು ಒಬ್ಬ ಖಾಸಗಿ ವ್ಯಕ್ತಿಯನ್ನು ಕಂಡು ಕೂಗುವುದೇಕೆ? ಕಾಮ್ರೇಡ್ ನಾಜಿಕೆಯ ಮನಸ್ಸಿನಲ್ಲಿ ಆಸ್ತಿಯ ವ್ಯಾಮೋಹ ಇನ್ನೂ ಉಳಿದಿದೆಯೇ? ಹಾಳೆ ಬಿದ್ದವರು ಸಭೆಯಲ್ಲಿ ಎದ್ದು ನಿಂತು ಉತ್ತರಿಸಲೇಬೇಕು. ಊರಿನಲ್ಲಿ ಅರ್ಧ ಜನಕ್ಕೆ ಒಂದಲ್ಲ ಒಂದು ವರ್ಷ ಅದು ಬಿದ್ದಿತ್ತು. ತಪ್ಪಾಯಿತು ಎಂದರೆ ಮುಗಿಯುತ್ತಿತ್ತು.

ರಾಕಿಪ್ ಮನೆಗೇ ಬಂದು ಹೇಳಿಕೊಟ್ಟ. ಕೆಟ್ಟವನಲ್ಲ ಅವನು, ಹೆದರಿದವನು.

“ನೋಡಮ್ಮ, ಒಂದೇ ಮಾತು. ‘ಹಸು ನನ್ನದಲ್ಲ, ಎಂದೂ ನನ್ನದಾಗಿರಲಿಲ್ಲ, ಅದು ಸಮುದಾಯದ್ದು.’ ಇಷ್ಟು ಹೇಳಿ ಕೂತ್ಕೊ. ಜನ ಚಪ್ಪಾಳೆ ತಟ್ತಾರೆ, ಮನೆಗೆ ಹೋಗಿ ಅಡಿಗೆ ಮಾಡ್ಕೊ.”

“ಅಷ್ಟೇನಾ ರಾಕಿಪಣ್ಣ?”

“ಅಷ್ಟೇ. ನಿನ್ನ ಕಡತ ಮೊದ್ಲೇ ಹಾಗಿದೆ, ಅದಕ್ಕೆ ಇನ್ನೊಂದು ಹಾಳೆ ಸೇರಿಸ್ಬೇಡ.”

ಹೇಳುವುದೆಂದೇ ನಾನು ತೀರ್ಮಾನಿಸಿದ್ದೆ. ರೊಟ್ಟಿಯ ಹಿಟ್ಟು ನಾದುತ್ತ ಹೇಳಿ ಅಭ್ಯಾಸ ಮಾಡಿದೆ. ಸೆಲ್ಫೊ ಕೇಳಿಸಿಕೊಂಡು, “ಚೆನ್ನಾಗಿದೆ, ಸ್ವಲ್ಪ ಜೋರಾಗಿ ಹೇಳು,” ಎಂದ. ಮಾತಲ್ಲವೇ, ಬಾಯಿಂದ ಹೋದರೆ ಹೋಯಿತು. ಹಸು ಯಾರದ್ದು ಎಂದು ಹಸುವಿಗೇ ಗೊತ್ತಿತ್ತು.

ಸಭೆ ಭಾನುವಾರ, ಇನ್ನೂ ಬಿಸಿಲಿರುವಾಗ, ಶಾಲೆಯಲ್ಲಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ನಾನು ಎದ್ದು ನಿಂತೆ. “ಹಸು,” ಎಂದೆ. ಅಲ್ಲಿಗೆ ಕಣ್ಣು ಮುಂದಿನ ಬೆಂಚಿನ ಮೇಲೆ ಬಿತ್ತು.

ಧುರಾತ ಕೂತಿದ್ದಳು. ಕೊಟ್ಟಿಗೆಯಿಂದ ನೇರವಾಗಿ ಬಂದವಳು, ಬಿಳಿಯ ಕೋಟಿನ ತೋಳಿಗೆ ಕೆಂದ ಕೂದಲು ಅಂಟಿತ್ತು. ಅವಳ ತೊಡೆಯ ಮೇಲೆ ದ್ರಿತಾ. ಮಗು ಅವಳ ಎದೆಗೆ ತಲೆ ಆನಿಸಿ ಅರೆನಿದ್ದೆಯಲ್ಲಿತ್ತು. ಧುರಾತ ನನಗಾಗಿ ಹೆದರಿ ನನ್ನನ್ನೇ ನೋಡುತ್ತಿದ್ದಳು. ಹೇಳಿಬಿಡು, ಹೇಳಿಬಿಡು, ಎಂದು ಅವಳ ತುಟಿ ಆಡುತ್ತಿತ್ತು.

ಅವಳು ಅಲ್ಲಿ ಇಲ್ಲದಿದ್ದರೆ ಹೇಳುತ್ತಿದ್ದೆ. ಜಿಲ್ಲೆಯ ಅಧಿಕಾರಿಗಳ ಮುಂದೆ, ಗೋಡೆಯ ಮೇಲಿನ ದೇಶದ ನಾಯಕನ ದೊಡ್ಡ ಫೋಟೋದ ಮುಂದೆ, ಇಡೀ ದೇಶದ ಮುಂದೆ ಹೇಳುತ್ತಿದ್ದೆ. ಆದರೆ ಅವಳು ಕೇಳಿಸಿಕೊಳ್ಳುತ್ತ ಕೂತಿರುವಾಗ ಬಲಾಶೆ ನನ್ನದಲ್ಲ ಎನ್ನಲು ನನ್ನ ನಾಲಗೆ ಹೊರಳಲಿಲ್ಲ.

“ಮುಂದೆ ಹೇಳಮ್ಮ,” ಎಂದ ರಾಕಿಪ್. “ಹಸು ನಿನ್ನದೇನು?”

“ಮತ್ತಿನ್ಯಾರದು?” ಎಂದೆ. “ನಂದು. ಅವಳದ್ದಂತೂ ಅಲ್ಲ.”

ಕೊನೆಯ ಮಾತು ಯಾರಿಗೂ ಬೇಕಾಗಲಿಲ್ಲ. ಮೊದಲಿನದಷ್ಟೇ ಬರೆದುಕೊಂಡರು.

ದೂರದ ತಗ್ಗುನಾಡಿನ ಜೌಗಿನಲ್ಲಿ ಕಾಲುವೆ ತೋಡುವ ಶಿಕ್ಷೆ, ಎರಡು ವರ್ಷ. ಅಲ್ಲಿನದನ್ನು ಇಲ್ಲಿ ಹೇಳುವುದಿಲ್ಲ. ಮೊಣಕಾಲ ತನಕ ನೀರು, ಸೊಳ್ಳೆ, ಮೂಳೆಗಿಳಿದ ಚಳಿ. ಗುದ್ದಲಿ ಎತ್ತಿದಾಗೆಲ್ಲ ನನ್ನ ಕಣ್ಣ ಮುಂದೆ ಬಂದದ್ದು ರಾಕಿಪ್ ಅಲ್ಲ, ಪಕ್ಷ ಅಲ್ಲ. ಈಗ ಹಾಲು ಕರೆಯುವ ಹೊತ್ತು, ಈಗ ಧುರಾತ ಕೂತಿರುತ್ತಾಳೆ, ಈಗ ಬಲಾಶೆ ಅವಳನ್ನು ಒಪ್ಪಿಕೊಂಡಿರುತ್ತದೆ, ಈಗ ನನ್ನ ಮಗಳು ಅವಳ ಪಕ್ಕದಲ್ಲಿ ಮಲಗಿರುತ್ತಾಳೆ. ಇದೇ.

ಹಿಂತಿರುಗಿ ಬಂದಾಗ ದ್ರಿತಾ ಎಂಟರ ಹತ್ತಿರದ ಹುಡುಗಿ, ಕೆನ್ನೆಯಲ್ಲಿ ಬಣ್ಣ ಬಂದಿತ್ತು, ಎದೆಯ ಕಫ ಹೋಗಿತ್ತು. ನನ್ನನ್ನು ನೋಡಿ ಧುರಾತಳ ಹಿಂದೆ ಅಡಗಿದಳು. ಬಲಾಶೆ ಇರಲಿಲ್ಲ. ಹಿಂದಿನ ಚಳಿಗಾಲ ಹಿಂಡಿಗೆ ಹುಲ್ಲು ಸಾಲದೆ ಸಾಯುವ ಮೊದಲೇ ಅರ್ಧ ಹಸುಗಳನ್ನು ಪಟ್ಟಣದ ಕಸಾಯಿಖಾನೆಗೆ ಸಾಗಿಸಿದ್ದರು.

ಆಮೇಲೆ ಆ ಸರ್ಕಾರವೂ ಹೋಯಿತು. ಫಲಕ ಒಲೆಗೆ ಹೋಯಿತು, ಕೊಟ್ಟಿಗೆಯ ಹೆಂಚನ್ನು ಜನ ರಾತ್ರೋರಾತ್ರಿ ಬಿಚ್ಚಿ ಹೊತ್ತುಕೊಂಡು ಹೋದರು. ಈಗ ಮದುವೆ ಮನೆಗಳಲ್ಲಿ ನನ್ನನ್ನು ಮೇಲಿನ ಜಾಗದಲ್ಲಿ ಕೂರಿಸುತ್ತಾರೆ. ‘ಇಡೀ ಊರು ಬಾಯಿ ಮುಚ್ಚಿದ್ದಾಗ ನನ್ನದು ಎಂದವಳು ಇವಳೊಬ್ಬಳು’ ಎಂದು ಮೊಮ್ಮಕ್ಕಳ ವಯಸ್ಸಿನವರಿಗೆ ತೋರಿಸುತ್ತಾರೆ. ನಾನು ಕಾಫಿ ಕುಡಿಯುತ್ತೇನೆ. ಎದುರಿನ ಸಾಲಿನಲ್ಲಿ ಕೂತ ಧುರಾತ ಮಾತ್ರ ತಲೆಬಟ್ಟೆಯ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾಳೆ. ಅವಳಿಗೆ ಗೊತ್ತು.

ಒಂದು ವಿಷಯ ನನಗೆ ಇನ್ನೂ ಗೊತ್ತಿಲ್ಲ. ಹೋದ ವಾರವೂ ಬೀನ್ಸ್ ಬಿಡಿಸುತ್ತ ಗೋಡೆಯ ಈಚೆಯಿಂದ ಕೇಳಿದೆ.

“ಅಕ್ಕಾ, ನಾನು ಹೋದ ಮೇಲೆ ಅದು ನಿಂಗೆ ಹಾಲು ಇಳಿಸ್ತಾ?”

“ಶುರುವಾಯ್ತಾ?”

“ಒಂದ್ಸಲ ಹೇಳಿಬಿಡೆ, ಸಾಯೋದ್ರೊಳಗೆ.”

“ಇಳಿಸ್ತು ಅಂದ್ರೆ ಉರೀತೀಯ, ಇಲ್ಲ ಅಂದ್ರೆ ಉಬ್ತೀಯ. ಯಾವ್ದೂ ಹೇಳಲ್ಲ ಹೋಗು,” ಎಂದಳು ಧುರಾತ. ಗೋಡೆಯ ಮೇಲೆ ಮೊಣಕೈ ಊರಿ ಕೇಳಿದಳು, “ನೀನು ಹೇಳಿದೀಯಾ, ನಂಗೆ ಹೇಳ್ಬೇಕಾದ್ದು? ಎರಡು ವರ್ಷ ಸಾಕಿದೆ ನಿನ್ನ ಮಗಳನ್ನ. ಉಪಕಾರ ಆಯ್ತು ಅಂತ ಒಂದು ಮಾತು?”

ಬಾಯಿ ತೆರೆದೆ. ಅಷ್ಟರಲ್ಲಿ ಬೀದಿಯಿಂದ ದ್ರಿತಾ ಬಂದಳು. ಪಟ್ಟಣದಿಂದ ಭಾನುವಾರ ಬರುತ್ತಾಳೆ, ಎರಡೂ ಕೈಯಲ್ಲಿ ಚೀಲ. ಮೊದಲು ಸಿಗುವುದು ಧುರಾತಳ ಬಾಗಿಲು. ಅಲ್ಲೇ ಒಳಗೆ ಹೋದಳು.

ನಾನು ಬಾಯಿ ಮುಚ್ಚಿ, ಬೀನ್ಸ್ ಬುಟ್ಟಿ ಎತ್ತಿಕೊಂಡು ಒಳಗೆ ನಡೆದೆ.